ನಿಮ್ಮ ಪರವಾಗಿ ಯಾರು ಬರೆಯಬೇಕು?
ವೈದ್ಯಕೀಯ ಪ್ರವೇಶ ಮತ್ತು ಶಿಫಾರಸು ಪತ್ರ: ಒಂದು ಹಿನ್ನೋಟ

ಹುಮನಾಬಾದ್, ಬಸವಕಲ್ಯಾಣದ ಕಡೆ ಮನೆಯ ಮಗನೋ ಮಗಳೋ ಡಾಕ್ಟರಾಗುತ್ತೇನೆಂದು ಹೇಳಿದರೆ ಹಿರಿಯರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಎಷ್ಟು ಮಾರ್ಕ್ಸ್ ಬೇಕು ಎಂಬುದು ಮೊದಲನೆಯದು. ಎರಡನೆಯದು, "ಅಲ್ಲಿ ಯಾರರ ಗುರ್ತಿನವ್ರು ಅದಾರೇನು?" ಮೊದಲ ಪ್ರಶ್ನೆಗೆ ಉತ್ತರ ಪ್ರತಿವರ್ಷ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಎರಡನೆಯದು ಎಲ್ಲಿಯೂ ಅಚ್ಚಾಗುವುದಿಲ್ಲ, ಆದರೆ ಅದರ ಹಿಂದೆ ದೀರ್ಘವಾದ ಇತಿಹಾಸವಿದೆ. ಈ ವಾರದ ನಮ್ಮ ಚರ್ಚೆಯ ವಿಷಯ ಅದೇ. ವೈದ್ಯಕೀಯ ಕಾಲೇಜಿನ ಬಾಗಿಲಲ್ಲಿ ವಿದ್ಯಾರ್ಥಿಯ ಪರವಾಗಿ ಮಾತನಾಡುವ ಹಕ್ಕು ಯಾರಿಗಿತ್ತು, ಈಗ ಯಾರಿಗಿದೆ?

ನಾವು ಬಳಸುವ ಮಾತುಗಳನ್ನೇ ಮೊದಲು ನೋಡೋಣ. 'ಶಿಫಾರಸು' ಪಾರಸಿಯಿಂದ ಬಂದದ್ದು. 'ವಶೀಲಿ' ಅರಬ್ಬಿಯ 'ವಸೀಲಾ', ಅಂದರೆ ದಾರಿ, ಸಾಧನ ಎಂಬ ಅರ್ಥದ ಪದ. ಎರಡೂ ದರ್ಬಾರಿನ ಆಡಳಿತ ಭಾಷೆಯ ಮೂಲಕ ಕನ್ನಡಕ್ಕೂ ಮರಾಠಿಗೂ ಇಳಿದವು. ವಿದ್ಯಾರ್ಥಿಯ ಯೋಗ್ಯತೆಯನ್ನು ಬಲ್ಲವರು ಬರೆದುಕೊಡುವ ಮಾತು ಮತ್ತು ಅಧಿಕಾರದಲ್ಲಿರುವವರು ತಮ್ಮವರಿಗಾಗಿ ಬರೆಯುವ ಚೀಟಿ, ಇವೆರಡನ್ನೂ ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ. ನಮ್ಮ ಗೊಂದಲ ಬಹುಮಟ್ಟಿಗೆ ಇಲ್ಲಿಂದಲೇ ಶುರುವಾಗುತ್ತದೆ ಎಂದು ನನ್ನ ಅನಿಸಿಕೆ.

ಇದು ನಮ್ಮಲ್ಲಿ ಮಾತ್ರ ಇದ್ದ ರೋಗವೆಂದು ತಿಳಿಯಬಾರದು. ಇಂಗ್ಲೆಂಡಿನ ದತ್ತಿ ಆಸ್ಪತ್ರೆಗಳಲ್ಲಿ ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ರೋಗಿಗೇ ಶಿಫಾರಸು ಪತ್ರ ಬೇಕಾಗಿತ್ತು. ಆಸ್ಪತ್ರೆಗೆ ಚಂದಾ ಕೊಟ್ಟ ಶ್ರೀಮಂತರೊಬ್ಬರು ಬರೆದುಕೊಟ್ಟರೆ ಮಾತ್ರ ಬಡವನಿಗೆ ಹಾಸಿಗೆ ಸಿಗುತ್ತಿತ್ತು. ಲಂಡನ್ನಿನ ಯುವ ಶಸ್ತ್ರವೈದ್ಯ ವಿಲಿಯಂ ಮಾರ್ಸ್‌ಡನ್ ಅವರು ತೀವ್ರವಾಗಿ ಕಾಯಿಲೆಯಾಗಿದ್ದ ಬಡ ಹುಡುಗಿಯೊಬ್ಬಳನ್ನು ಇಂಥ ಪತ್ರವಿಲ್ಲದ ಕಾರಣಕ್ಕೆ ಯಾವ ಆಸ್ಪತ್ರೆಗೂ ಸೇರಿಸಲಾಗಲಿಲ್ಲ. ಅದರಿಂದ ನೊಂದು ಅವರು 1828ರಲ್ಲಿ ಪತ್ರವನ್ನೂ ಹಣವನ್ನೂ ಕೇಳದ ಚಿಕಿತ್ಸಾಲಯವೊಂದನ್ನು ತೆರೆದರು. ಮುಂದೆ ಅದೇ ರಾಯಲ್ ಫ್ರೀ ಆಸ್ಪತ್ರೆಯಾಯಿತು. ಲಂಡನ್ನಿನ ದೊಡ್ಡ ಆಸ್ಪತ್ರೆಗಳು ಮಹಿಳೆಯರಿಗೆ ವಾರ್ಡಿನಲ್ಲಿ ಪಾಠ ಹೇಳಲು ಒಪ್ಪದಿದ್ದ ಕಾಲದಲ್ಲಿ, 1877ರಲ್ಲಿ, ವೈದ್ಯಕೀಯ ವಿದ್ಯಾರ್ಥಿನಿಯರಿಗೆ ಬಾಗಿಲು ತೆರೆದದ್ದೂ ಇದೇ ಆಸ್ಪತ್ರೆ. ರೋಗಿಯಿಂದ ಪತ್ರ ಕೇಳದವರು ವಿದ್ಯಾರ್ಥಿನಿಯ ಕುಲಗೋತ್ರವನ್ನೂ ಕೇಳಲಿಲ್ಲವೆನ್ನಬಹುದು.

ಈಗ ನಮ್ಮ ಕಡೆಗೆ ಬರೋಣ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯವರೆಗೆ ಬೀದರ್ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಇಂದಿನ ಬಸವಕಲ್ಯಾಣ ಆಗ ಕಲ್ಯಾಣಿ ಎಂಬ ಜಹಗೀರು. ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಮೇಲೆಯೇ ಇರುವ ಹುಮನಾಬಾದಿಗೆ ವೈದ್ಯವಿದ್ಯೆಯ ರಾಜಧಾನಿ ಹೈದರಾಬಾದೇ ಆಗಿತ್ತು. ಅಲ್ಲಿ 1846ರಲ್ಲಿ ರೆಸಿಡೆನ್ಸಿಯ ವೈದ್ಯ ಡಾ. ಮೆಕ್ಲೀನ್ ಅವರ ಮುಂದಾಳುತನದಲ್ಲಿ ವೈದ್ಯಕೀಯ ಶಾಲೆ ಆರಂಭವಾಯಿತು. ಮೊದಲು ಬೋಧನೆ ಉರ್ದುವಿನಲ್ಲಿ, ತೇರ್ಗಡೆಯಾದವರಿಗೆ 'ಹಕೀಮ್' ಎಂಬ ಪದವಿ. ಈ ಶಾಲೆಯೇ ಮುಂದೆ ಉಸ್ಮಾನಿಯಾ ವೈದ್ಯಕೀಯ ಕಾಲೇಜಾಗಿ ಬೆಳೆಯಿತು. 1885ರಲ್ಲಿ, ಕ್ಲೋರೋಫಾರ್ಮಿನ ಪ್ರಯೋಗಗಳಿಂದ ಹೆಸರಾದ ಡಾ. ಎಡ್ವರ್ಡ್ ಲಾರಿ ಅವರ ಕಾಲದಲ್ಲಿ, ಇಲ್ಲಿ ಮಹಿಳೆಯರೂ ಓದತೊಡಗಿದರು. ಅವರಲ್ಲೊಬ್ಬರು ರೂಪಾಬಾಯಿ ಫರ್ದೂನ್‌ಜಿ. 1889ರಲ್ಲಿ ತೇರ್ಗಡೆಯಾದ ಅವರನ್ನು ಪ್ರಪಂಚದ ಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಒಬ್ಬರೆಂದು ಇಂದು ಗುರುತಿಸಲಾಗುತ್ತದೆ.

ಇದೇ ಸಂಸ್ಥಾನದಲ್ಲಿ ಇನ್ನೊಂದು ಬಗೆಯ ಕಾಗದವೂ ಹುಟ್ಟಿತು. ಹೊರಗಿನವರು ಬಂದು ಸರ್ಕಾರಿ ನೌಕರಿಗಳನ್ನೆಲ್ಲ ಹಿಡಿಯುತ್ತಾರೆಂಬ ಅಸಮಾಧಾನ ಬೆಳೆದಾಗ 1919ರ ಫರ್ಮಾನಿನ ಮೂಲಕ ಮುಲ್ಕಿ ನಿಯಮಗಳು ಜಾರಿಗೆ ಬಂದವು. ಹುಟ್ಟಿನಿಂದಲೋ ಹದಿನೈದು ವರ್ಷಗಳ ವಾಸದಿಂದಲೋ ತಾನು ಈ ಮುಲ್ಕಿನವನೆಂದು ಮನುಷ್ಯ ತೋರಿಸಬೇಕಾಗಿತ್ತು. ದೊಡ್ಡವರ ಚೀಟಿಯ ಪಕ್ಕದಲ್ಲಿ ಹೀಗೆ ಸರ್ಕಾರದ ಪ್ರಮಾಣಪತ್ರ ಬಂದು ನಿಂತಿತು. ಚೀಟಿ ಹೇಳುವುದು "ಇವನು ನಮ್ಮವನು" ಎಂದು. ಪ್ರಮಾಣಪತ್ರ ಹೇಳುವುದು "ಇವನು ಇಲ್ಲಿಯವನು" ಎಂದು. ಆದರೆ ಪ್ರಮಾಣಪತ್ರಕ್ಕೂ ಕಳ್ಳದಾರಿ ಹುಟ್ಟಲು ತಡವಾಗಲಿಲ್ಲ. 1952ರಲ್ಲಿ ಹೈದರಾಬಾದಿನ ವಿದ್ಯಾರ್ಥಿಗಳು ನಡೆಸಿದ ಮುಲ್ಕಿ ಚಳವಳಿಗೆ ಸುಳ್ಳು ಮುಲ್ಕಿ ಪತ್ರಗಳ ಹಾವಳಿಯೇ ಒಂದು ಮುಖ್ಯ ಕಾರಣವಾಗಿತ್ತು. ಆ ಸೆಪ್ಟೆಂಬರಿನಲ್ಲಿ ಪೊಲೀಸರ ಗುಂಡಿಗೆ ಪ್ರಾಣಗಳೂ ಹೋದವು.

1956ರ ನವೆಂಬರ್ 1ರಂದು ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದಾಗ ವಿದ್ಯಾರ್ಥಿಗಳ ಮುಖ ಒಮ್ಮೆಲೇ ಪೂರ್ವದಿಂದ ದಕ್ಷಿಣಕ್ಕೆ ತಿರುಗಬೇಕಾಯಿತು. ಮೈಸೂರು ವೈದ್ಯಕೀಯ ಕಾಲೇಜು 1924ರಷ್ಟು ಹಳೆಯದು. ಮಣಿಪಾಲದ ಕಾಲೇಜು 1953ರದು, ಬೆಂಗಳೂರಿನದು 1955ರದು, ಹುಬ್ಬಳ್ಳಿಯದು 1957ರದು. ಈ ಮೂರು ಜಿಲ್ಲೆಗಳಲ್ಲಿ ಮಾತ್ರ ಒಂದೂ ಇರಲಿಲ್ಲ. ಮಹಾದೇವಪ್ಪ ರಾಂಪೂರೆ ಅವರ ನಾಯಕತ್ವದಲ್ಲಿ 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿ, 1963ರಲ್ಲಿ ಗುಲಬರ್ಗಾದಲ್ಲಿ ವೈದ್ಯಕೀಯ ಕಾಲೇಜು ತೆರೆದ ಮೇಲೆ ಆ ಕೊರತೆ ಸ್ವಲ್ಪ ನೀಗಿತು. ಉರ್ದು ಅಥವಾ ಮರಾಠಿ ಶಾಲೆಯಲ್ಲಿ ಕಲಿತ, ಬೆಂಗಳೂರಿನಲ್ಲಿ ಯಾರ ಪರಿಚಯವೂ ಇಲ್ಲದ ಹುಮನಾಬಾದಿನ ಹುಡುಗನೊಬ್ಬ ಆ ದಿನಗಳಲ್ಲಿ ಆಯ್ಕೆ ಸಮಿತಿಯ ಎದುರು ನಿಲ್ಲುವುದೆಂದರೇನೆಂದು ಊಹಿಸಿಕೊಳ್ಳಿ.

ಊಹೆಗೇ ಬಿಡಬೇಕಾಗಿಲ್ಲ, ಸುಪ್ರೀಂ ಕೋರ್ಟಿನ ದಾಖಲೆಯೇ ಇದೆ. 1963ರಲ್ಲಿ ಮೈಸೂರು ಸರ್ಕಾರ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಪರೀಕ್ಷೆಯ ಅಂಕಗಳ ಜೊತೆಗೆ ಸಂದರ್ಶನವನ್ನೂ ಇಟ್ಟಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇಕಡಾ 25ರಷ್ಟು ಸಂದರ್ಶನಕ್ಕೆ. ಐಚ್ಛಿಕ ವಿಷಯಗಳಿಗೆ ಒಟ್ಟು 300 ಅಂಕವೆಂದಿಟ್ಟುಕೊಂಡರೆ ಸಂದರ್ಶನಕ್ಕೆ 75. ಭೌತಶಾಸ್ತ್ರದಲ್ಲಿ ಎರಡು ಅಂಕ ಹೆಚ್ಚು ಪಡೆಯಲು ರಾತ್ರಿಯೆಲ್ಲ ಓದಿದವನ ಭವಿಷ್ಯ ಕೆಲವೇ ನಿಮಿಷಗಳಲ್ಲಿ ಅತ್ತಿತ್ತ ಆಗಬಹುದಾದಷ್ಟು ದೊಡ್ಡ ಮೊತ್ತ ಅದು. ಆ ಅಂಕಗಳನ್ನು ಯಾವುದಕ್ಕೆ ಕೊಡಬೇಕಾಗಿತ್ತು? ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ವ್ಯಾಸಂಗದ ವಿಶೇಷ ಸಾಧನೆ, ಎನ್.ಸಿ.ಸಿ. ಮೊದಲಾದವು, ಆಮೇಲೆ ಕ್ರೀಡೆ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕ. ಓದಲು ಚೆನ್ನಾಗಿಯೇ ಇದೆ. ಆದರೆ ಎನ್.ಸಿ.ಸಿ. ಘಟಕವೇ ಇಲ್ಲದ, ಚರ್ಚಾಸ್ಪರ್ಧೆ ನಡೆಯದ ತಾಲ್ಲೂಕಿನ ಮಕ್ಕಳು ಈ ಕಲಮುಗಳಲ್ಲಿ ಏನನ್ನು ತುಂಬಬೇಕು? ಇನ್ನು 'ವ್ಯಕ್ತಿತ್ವ' ಎಂಬ ಶೀರ್ಷಿಕೆಯಡಿ ಯಾರು ಯಾರಿಗೆ ಏಕೆ ಅಂಕ ಕೊಟ್ಟರೆಂದು ಯಾವ ಕಡತವೂ ಹೇಳಲಾರದು.

ವಿದ್ಯಾರ್ಥಿಗಳು ಹೈಕೋರ್ಟಿಗೆ ಹೋದರು. ಆಯ್ಕೆ ಸಮಿತಿ ತನಗೆ ಕೊಟ್ಟ ಅಧಿಕಾರವನ್ನು ದುರುಪಯೋಗ ಮಾಡಿದೆಯೆಂದು ಹೈಕೋರ್ಟು ಆ ಸಂದರ್ಶನಗಳನ್ನು ರದ್ದುಮಾಡಿ, ಹೊಸದಾಗಿ ನಡೆಸಬೇಕೆಂದು ಆದೇಶಿಸಿತು. ಪ್ರಕರಣ ದೆಹಲಿಗೆ ಹೋಯಿತು. 1964ರ ಜನವರಿಯಲ್ಲಿ ಚಿತ್ರಲೇಖಾ ಪ್ರಕರಣದ ತೀರ್ಪು ಬಂದಾಗ ನ್ಯಾಯಮೂರ್ತಿ ಸುಬ್ಬರಾವ್ ಅವರು ಬರೆದ ಬಹುಮತದ ಅಭಿಪ್ರಾಯ, ಸಂದರ್ಶನ ಎಂಬ ಪದ್ಧತಿಯೇ ತಪ್ಪಲ್ಲ ಎಂದಿತು. ದುರುಪಯೋಗಕ್ಕೆ ಅವಕಾಶವಿದೆ ಎಂಬ ಒಂದೇ ಕಾರಣದಿಂದ ಪದ್ಧತಿಯನ್ನೇ ತೆಗೆದುಹಾಕಲಾಗದು ಎಂಬುದು ಅದರ ತಾತ್ಪರ್ಯ. ನ್ಯಾಯಮೂರ್ತಿ ಮುಧೋಳ್ಕರ್ ಒಪ್ಪಲಿಲ್ಲ, ಭಿನ್ನ ತೀರ್ಪು ಬರೆದರು. ಮೀಸಲಾತಿಯ ಚರ್ಚೆಗಳಲ್ಲಿ ಚಿತ್ರಲೇಖಾ ಪ್ರಕರಣ ಪದೇಪದೇ ಪ್ರಸ್ತಾಪವಾಗುತ್ತದೆ. ಹಿಂದುಳಿದ ವರ್ಗಗಳನ್ನು ಆದಾಯ ಮತ್ತು ಉದ್ಯೋಗದ ಮೇಲೆ ಗುರುತಿಸಿದ ಆದೇಶವೂ ಅದರಲ್ಲಿತ್ತಲ್ಲ, ಅದಕ್ಕೆ. ಅದರ ಇನ್ನೊಂದು ಮುಖವಾದ ಸಂದರ್ಶನದ ಕಥೆಯನ್ನು ಶಾಲೆ ಕಾಲೇಜುಗಳಲ್ಲಿ ಯಾರೂ ಹೇಳುವುದಿಲ್ಲ.

ಹದಿನಾರು ವರ್ಷಗಳ ನಂತರ, 1980ರ ನವೆಂಬರಿನಲ್ಲಿ, ಶ್ರೀನಗರದ ಇಂಜಿನಿಯರಿಂಗ್ ಕಾಲೇಜೊಂದಕ್ಕೆ ಸಂಬಂಧಿಸಿದ ಅಜಯ್ ಹಾಸಿಯಾ ಪ್ರಕರಣದಲ್ಲಿ ಅದೇ ನ್ಯಾಯಾಲಯದ ಧಾಟಿ ಬದಲಾಗಿತ್ತು. ಅಲ್ಲಿ ಒಟ್ಟು 150 ಅಂಕಗಳಲ್ಲಿ 50 ಸಂದರ್ಶನಕ್ಕೆ. ಪ್ರತಿಯೊಬ್ಬರನ್ನೂ ಎರಡು ಮೂರು ನಿಮಿಷ ಮಾತನಾಡಿಸಿ, ತಂದೆ ಯಾರು, ಊರು ಯಾವುದು ಎಂಬಂಥ ಪ್ರಶ್ನೆ ಕೇಳಿ ಕಳುಹಿಸಿದ್ದರೆಂಬ ದೂರು. ನ್ಯಾಯಮೂರ್ತಿ ಭಗವತಿ ಅವರ ತೀರ್ಪು ಸಂದರ್ಶನಕ್ಕೆ ಶೇಕಡಾ 15ಕ್ಕಿಂತ ಹೆಚ್ಚು ಅಂಕ ಇಡುವುದು ಮನಸೋಇಚ್ಛೆಯ ನಡೆಯಾಗುತ್ತದೆ ಎಂದಿತು. ತಂದೆ ಯಾರು ಎಂಬ ಪ್ರಶ್ನೆಯನ್ನು ಗಮನಿಸಿ. ಹುಮನಾಬಾದಿನ ಮನೆಯ ಹಿರಿಯರು ಕೇಳಿದ ಎರಡನೆಯ ಪ್ರಶ್ನೆಯನ್ನೇ ಅಲ್ಲಿ ಆಯ್ಕೆ ಸಮಿತಿ ಬೇರೆ ಮಾತಿನಲ್ಲಿ ಕೇಳಿತ್ತು.

ನಡುವೆ 1971ರ ಚಂಚಲಾ ಪ್ರಕರಣವನ್ನೂ ಹೇಳಬೇಕು. ಅದೂ ಮೈಸೂರು ರಾಜ್ಯದ ವೈದ್ಯಕೀಯ ಪ್ರವೇಶದ್ದೇ. ಆಗ ಸೀಟುಗಳನ್ನು ವಿಶ್ವವಿದ್ಯಾಲಯವಾರು ಹಂಚಲಾಗುತ್ತಿತ್ತು. ಆಯಾ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಲ್ಲಿ ಓದಿದವರಿಗೆ ಅಲ್ಲಿನ ಬಹುಪಾಲು ಸೀಟುಗಳು. ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1980ರಲ್ಲಿ. ಅಲ್ಲಿಯವರೆಗೆ ಬೀದರ್ ಜಿಲ್ಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿತ್ತು. ಇದಲ್ಲದೆ ರಾಜಕೀಯ ಸಂತ್ರಸ್ತರ ಮಕ್ಕಳು, ಸೈನಿಕರ ಮಕ್ಕಳು ಮೊದಲಾದವರಿಗೆಂದು ಬೇರೆಯಾಗಿ ಇಟ್ಟ ಸೀಟುಗಳೂ ಇದ್ದವು. ನ್ಯಾಯಾಲಯ ಎರಡು ವ್ಯವಸ್ಥೆಗಳನ್ನೂ ಎತ್ತಿಹಿಡಿಯಿತು. ಅಂದರೆ ಮತ್ತೆ ಕಾಗದ: ಯಾವ ಕಾಲೇಜು ಎಂಬ ಕಾಗದ, ಅಪ್ಪ ಜೈಲು ಕಂಡಿದ್ದಾರೆಂಬ ಕಾಗದ. ಹೈದರಾಬಾದ್ ವಿಮೋಚನೆಯ ಹೋರಾಟ ನಡೆದ ನಮ್ಮ ಸೀಮೆಯಲ್ಲಿ ಕೊನೆಯ ಕಾಗದಕ್ಕೆ ಅರ್ಹರಾದವರು ಅನೇಕರಿದ್ದರು, ಅದನ್ನು ಹೇಗೆ ಪಡೆಯಬೇಕೆಂದು ಗೊತ್ತಿದ್ದವರು ಎಷ್ಟು ಮಂದಿಯೋ.

ಮುಂದಿನ ಅಧ್ಯಾಯ ಹಣದ್ದು. ಅದು ನಿಮಗೆ ಗೊತ್ತಿರುವುದರಿಂದ ಬೇಗ ಮುಗಿಸುತ್ತೇನೆ. ಖಾಸಗಿ ಕಾಲೇಜುಗಳ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಿ ಕರ್ನಾಟಕ 1984ರಲ್ಲಿ ಕಾನೂನು ಮಾಡಿತು. ಆದರೂ 1989ರ ಸರ್ಕಾರಿ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟುಗಳಲ್ಲಿ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000 ಎಂದು ನಿಗದಿಯಾಗಿತ್ತು. ಮೀರತ್‌ನಿಂದ ತುಮಕೂರಿಗೆ ಓದಲು ಬರಬಯಸಿದ ಮೋಹಿನಿ ಜೈನ್ ಇದನ್ನು ಪ್ರಶ್ನಿಸಿದರು. 1992ರ ಜುಲೈನಲ್ಲಿ ಸುಪ್ರೀಂ ಕೋರ್ಟು ಕ್ಯಾಪಿಟೇಷನ್ ಶುಲ್ಕವೆಂಬುದೇ ಸಂವಿಧಾನಕ್ಕೆ ವಿರುದ್ಧವೆಂದಿತು. 1993ರ ಉನ್ನಿಕೃಷ್ಣನ್ ತೀರ್ಪು ಅದನ್ನು ತಿದ್ದಿ, ಅರ್ಹತೆಯ ಆಧಾರದ ಉಚಿತ ಸೀಟು ಮತ್ತು ಪಾವತಿ ಸೀಟುಗಳ ವ್ಯವಸ್ಥೆಯನ್ನು ರೂಪಿಸಿತು. 1994ರಲ್ಲಿ ಕರ್ನಾಟಕದ ಸಿ.ಇ.ಟಿ. ಘಟಕ ಹುಟ್ಟಿತು. ಆ ವರ್ಷಗಳಲ್ಲಿ ಕೌನ್ಸೆಲಿಂಗ್‌ಗೆಂದು ಹಿಂದಿನ ರಾತ್ರಿಯೇ ಬಸ್ಸು ಹತ್ತಿ ಬೆಂಗಳೂರಿಗೆ ಬಂದ ಬೀದರ್ ಕಡೆಯ ತಂದೆ-ಮಕ್ಕಳು, ರ‍್ಯಾಂಕ್ ಕರೆದಾಗ ಎದ್ದುಹೋಗಿ ತಮ್ಮ ಸೀಟನ್ನು ತಾವೇ ಆರಿಸಿಕೊಂಡದ್ದು ಸಣ್ಣ ಘಟನೆಯಲ್ಲ. ಯಾರ ಚೀಟಿಯೂ ಕಿಸೆಯಲ್ಲಿರಬೇಕಾಗಿರಲಿಲ್ಲ. ಪ್ರವೇಶ ಪರೀಕ್ಷೆಯನ್ನು ಎಷ್ಟಾದರೂ ಟೀಕಿಸಿ, ಈ ಮಾತನ್ನು ಮರೆಯುವುದು ನ್ಯಾಯವಲ್ಲ.

ಹಾಗಾದರೆ ಪತ್ರಕ್ಕೆ ಬೆಲೆ ಕೊಟ್ಟವರು ಯಾರೂ ನಮ್ಮಲ್ಲಿರಲಿಲ್ಲವೆ? ಇದ್ದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು. ಐಡಾ ಸ್ಕಡರ್ ಅವರು 1918ರಲ್ಲಿ ಮಹಿಳೆಯರಿಗೆಂದು ಆರಂಭಿಸಿದ ವೈದ್ಯಕೀಯ ಶಾಲೆ ಅದು. 1942ರಲ್ಲಿ ಎಂ.ಬಿ.ಬಿ.ಎಸ್. ಪದವಿಗೆ ಏರಿತು. ಅಲ್ಲಿನ ಪದ್ಧತಿಯಲ್ಲಿ ಬಹುಪಾಲು ಅಭ್ಯರ್ಥಿಗಳನ್ನು ಯಾವುದಾದರೊಂದು ಸಭೆ ಅಥವಾ ಮಿಷನ್ 'ಪ್ರಾಯೋಜಿಸಬೇಕು', ಅಂದರೆ ಶಿಫಾರಸು ಮಾಡಬೇಕು. ಲಿಖಿತ ಪರೀಕ್ಷೆಯಲ್ಲಿ ಮುಂದೆ ಬಂದವರನ್ನು ವೆಲ್ಲೂರಿಗೇ ಕರೆಸಿ, ಕೆಲವು ದಿನ ಇರಿಸಿಕೊಂಡು, ಗುಂಪಿನಲ್ಲಿ ಕೆಲಸ ಮಾಡಿಸಿ ನೋಡಿ ಆರಿಸುತ್ತಿದ್ದರು. ಓದು ಮುಗಿದ ಮೇಲೆ ತನ್ನನ್ನು ಪ್ರಾಯೋಜಿಸಿದ ಸಭೆಯ ಆಸ್ಪತ್ರೆಯಲ್ಲಿ ಎರಡು ವರ್ಷ ಸೇವೆ ಸಲ್ಲಿಸುವ ಕರಾರು. ಬೀದರಿನಲ್ಲಿಯೂ ಮೆಥೋಡಿಸ್ಟ್ ಮಿಷನ್ನಿನ ಆಸ್ಪತ್ರೆಯಿರುವುದನ್ನು ಬಲ್ಲವರಿಗೆ ಇಂಥ ಕರಾರಿನ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಸಣ್ಣ ಊರಿನ ಆಸ್ಪತ್ರೆಗೆ ವೈದ್ಯರು ತಾವಾಗಿ ಬರುವುದು ಅಪರೂಪ.

ಇಲ್ಲಿ ಪತ್ರ ಬರೆದವರಿಗೂ ಜವಾಬ್ದಾರಿಯಿತ್ತೆಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಹುಡುಗ ಸೇವೆಗೆ ಬರದಿದ್ದರೆ ನಷ್ಟವಾಗುವುದು ಶಿಫಾರಸು ಮಾಡಿದ ಸಭೆಗೇ. ಶಾಸಕರ ಚೀಟಿಯಲ್ಲಿ ಈ ಹೊಣೆ ಎಲ್ಲಿದೆ? ಆದರೆ ವೆಲ್ಲೂರಿನ ಪದ್ಧತಿಗೂ ಇನ್ನೊಂದು ಮಗ್ಗುಲಿದೆ. ಸಭೆಗೆ ಸೇರದ ಬಡ ಹುಡುಗಿಗೆ ಆ ಪತ್ರ ಬರೆಯುವವರು ಯಾರು? ರಾಷ್ಟ್ರಮಟ್ಟದ ನೀಟ್ ಪರೀಕ್ಷೆ 2013ರಲ್ಲಿ ಬಂದು, ಅದೇ ವರ್ಷ ರದ್ದಾಗಿ, 2016ರಲ್ಲಿ ಮತ್ತೆ ಜಾರಿಯಾದ ಮೇಲೆ ವೆಲ್ಲೂರಿನವರು ತಮ್ಮ ಪದ್ಧತಿಯನ್ನು ಉಳಿಸಿಕೊಳ್ಳಲು ನ್ಯಾಯಾಲಯದಲ್ಲಿ ಹೋರಾಡಿದರು. 2017ರಲ್ಲಿ ಎಂ.ಬಿ.ಬಿ.ಎಸ್.ಗೆ ಒಬ್ಬನೇ ಒಬ್ಬ ವಿದ್ಯಾರ್ಥಿಯನ್ನು ಸೇರಿಸಿಕೊಂಡು ಉಳಿದ ಸೀಟುಗಳನ್ನೆಲ್ಲ ಖಾಲಿ ಬಿಟ್ಟರು. 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಸಂಸ್ಥೆಗಳಿಗೂ ನೀಟ್ ಕಡ್ಡಾಯವೆಂದು ತೀರ್ಪಿತ್ತಿತು. ಅರ್ಹತೆಯನ್ನು ಅಳೆಯಲು ಪತ್ರಕ್ಕಿದ್ದ ಕೊನೆಯ ದೊಡ್ಡ ನೆಲೆಯೂ ನಮ್ಮ ದೇಶದಲ್ಲಿ ಹಾಗೆ ಕುಗ್ಗಿತು.

ಇಂದು ನೀಟ್‌ನ 720 ಅಂಕಗಳಲ್ಲಿ ಯಾರ ಮಾತಿಗೂ ಜಾಗವಿಲ್ಲ. ಪರೀಕ್ಷೆಯೂ ಗಂಗಾಜಲವೇನಲ್ಲ. 2024ರಲ್ಲಿ 1,563 ಅಭ್ಯರ್ಥಿಗಳಿಗೆ ಕೊಟ್ಟ ಕೃಪಾಂಕವನ್ನು ಹಿಂದೆಗೆದು ಮರುಪರೀಕ್ಷೆ ನಡೆಸಬೇಕಾಯಿತು, ಪ್ರಶ್ನೆಪತ್ರಿಕೆ ಸೋರಿಕೆಯ ತನಿಖೆ ನಡೆಯಿತು. ಆದರೂ ಪ್ರಶ್ನೆಪತ್ರಿಕೆ ಕದ್ದರೆ ಅದು ಅಪರಾಧವೆಂದು ಎಲ್ಲರೂ ಒಪ್ಪುತ್ತಾರೆ. ವಶೀಲಿಯನ್ನು ಮಾತ್ರ ನಾವು ಬಹುಕಾಲ ಸಾಮರ್ಥ್ಯವೆಂದೇ ಕರೆದೆವು.

ಪತ್ರ ಹೋಯಿತು, ಪ್ರಮಾಣಪತ್ರ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಬೆಳೆಯಿತು. ವೈಜನಾಥ ಪಾಟೀಲರು ಮುಂದೆ ನಿಂತು ನಡೆಸಿದ ದೀರ್ಘ ಹೋರಾಟದ ಫಲವಾಗಿ ಸಂವಿಧಾನದ 98ನೆಯ ತಿದ್ದುಪಡಿ 2012ರ ಡಿಸೆಂಬರಿನಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಯಿತು, 371 ಜೆ ವಿಧಿ ಸೇರಿತು. 2013ರ ಆದೇಶದಂತೆ ಈ ಪ್ರದೇಶದೊಳಗಿನ ಶಿಕ್ಷಣ ಸಂಸ್ಥೆಗಳ ಸೀಟುಗಳಲ್ಲಿ ಶೇಕಡಾ 70, ರಾಜ್ಯದ ಉಳಿದೆಡೆಯ ಸೀಟುಗಳಲ್ಲಿ ಶೇಕಡಾ 8 ಸ್ಥಳೀಯರಿಗೆ ಮೀಸಲು. ಬೀದರಿನಲ್ಲಿಯೇ 2007ರಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾಗಿದ್ದುದರಿಂದ ಇದರ ಬೆಲೆ ಇನ್ನೂ ಹೆಚ್ಚಿತು. 2019ರಿಂದ ಕಲ್ಯಾಣ ಕರ್ನಾಟಕವೆಂದು ಹೆಸರಾದ ಈ ಪ್ರದೇಶದ ವಿದ್ಯಾರ್ಥಿಗೆ ಸ್ಥಳೀಯನೆಂಬ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ, ಹುಮನಾಬಾದಿನವರಿಗೆ ಅವರ ಕಚೇರಿ ಬಸವಕಲ್ಯಾಣದಲ್ಲಿ. ಹುಟ್ಟು ಅಥವಾ ನಿಗದಿಯಾದ ವರ್ಷಗಳ ವಾಸ ಎಂಬ ಅದರ ಷರತ್ತನ್ನು ಓದುವಾಗ 1919ರ ಮುಲ್ಕಿ ನಿಯಮಗಳು ನೆನಪಾದರೆ ಆಶ್ಚರ್ಯವಿಲ್ಲ.

ಇದರ ಜೊತೆಗೆ ಏಳು ವರ್ಷ ಕರ್ನಾಟಕದಲ್ಲಿ ಓದಿದ ವ್ಯಾಸಂಗ ಪ್ರಮಾಣಪತ್ರ, ಜಾತಿ-ಆದಾಯ ಪ್ರಮಾಣಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಗೆ ಬೇರೆ ಬೇರೆ ಪ್ರಮಾಣಪತ್ರ. ಮುಖ್ಯೋಪಾಧ್ಯಾಯರ ಸಹಿಯ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ. ಹಳ್ಳಿಯ ಶಾಲೆಯಲ್ಲಿ ಓದಿ ರ‍್ಯಾಂಕ್ ಪಡೆದ ಮಗು ಒಂದು ಮೇಲುಸಹಿ ಬಿಟ್ಟುಹೋದದ್ದರಿಂದ ಆ ವರ್ಗದ ಸೀಟು ಕಳೆದುಕೊಳ್ಳಬಹುದು. ವಿದ್ಯಾರ್ಥಿ ಮಿತ್ರರೇ, ಈ ಕಾಗದಗಳಿಗೆ ಫಲಿತಾಂಶದವರೆಗೆ ಕಾಯಬೇಡಿ, ಎರಡನೆಯ ಪಿ.ಯು.ಸಿ.ಯ ದಸರಾ ರಜೆಯಲ್ಲಿಯೇ ಓಡಾಡಿ ಮಾಡಿಸಿಟ್ಟುಕೊಳ್ಳಿ. ಇವು ಹಕ್ಕಿನ ಕಾಗದಗಳು, ಇದಕ್ಕೆ ಯಾರ ದಾಕ್ಷಿಣ್ಯವೂ ಬೇಡ.

ಹಾಗಿದ್ದರೆ ನಿಜವಾದ ಶಿಫಾರಸು ಪತ್ರ, ಬಲ್ಲವರು ಬರೆಯುವ ಪತ್ರ, ನಮಗೆ ಬೇಕಾಗುವುದೇ ಇಲ್ಲವೆ? ಬೇಕಾಗುತ್ತದೆ, ತಡವಾಗಿ ಮತ್ತು ಅನಿರೀಕ್ಷಿತವಾಗಿ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯವರು ಇತರ ಅಕಾಡೆಮಿಗಳೊಡನೆ ನಡೆಸುತ್ತ ಬಂದ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅಧ್ಯಾಪಕರ ಪತ್ರ ಕೇಳುತ್ತಾರೆ. ಎಂ.ಬಿ.ಬಿ.ಎಸ್. ಮುಗಿಸಿ ಅಮೆರಿಕದಲ್ಲಿ ಉನ್ನತ ತರಬೇತಿಗೆ ಹೋಗುವವರು ತಮ್ಮೊಂದಿಗೆ ವಾರ್ಡಿನಲ್ಲಿ ಕೆಲಸ ಮಾಡಿದ ವೈದ್ಯರ ಪತ್ರಗಳನ್ನು ಕೊಡಬೇಕು. ಅಲ್ಲಿಯ ವೈದ್ಯಕೀಯ ಕಾಲೇಜಿಗೇ ಅರ್ಜಿ ಹಾಕುವ ಕನ್ನಡಿಗರ ಮಕ್ಕಳಿಗೆ ಸಾಮಾನ್ಯವಾಗಿ ಇಬ್ಬರು ವಿಜ್ಞಾನ ಅಧ್ಯಾಪಕರ ಪತ್ರಗಳು, ಜೊತೆಗೆ ಬೇರೆ ವಿಷಯದವರೊಬ್ಬರದು ಬೇಕು. ಅಲ್ಲಿಯ ಚರಿತ್ರೆಯೂ ಶುದ್ಧವಾದದ್ದಲ್ಲ. 1920ರಿಂದ 1940ರ ದಶಕದವರೆಗೆ ಅನೇಕ ಅಮೆರಿಕನ್ ವೈದ್ಯಕೀಯ ಕಾಲೇಜುಗಳು 'ನಡತೆ', 'ವ್ಯಕ್ತಿತ್ವ' ಎಂಬ ಮಾತುಗಳ ಮರೆಯಲ್ಲಿ ಯಹೂದಿ ವಿದ್ಯಾರ್ಥಿಗಳನ್ನು ಹೊರಗಿಟ್ಟವು. ಮೈಸೂರಿನ 1963ರ ಸಂದರ್ಶನ ಪಟ್ಟಿಯಲ್ಲಿದ್ದ ಅದೇ 'ವ್ಯಕ್ತಿತ್ವ'!

ಪತ್ರ ಯಾರಿಂದ ಬರೆಸಬೇಕೆಂಬುದಕ್ಕೆ ಆನಂದಿಬಾಯಿ ಜೋಶಿ ಅವರ ಪ್ರಸಂಗಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಮರಾಠಿ ಬಲ್ಲ ಹುಮನಾಬಾದಿನ ಅನೇಕ ಮನೆಗಳಲ್ಲಿ ಅವರ ಹೆಸರು ಪರಿಚಿತ. 1880ರಲ್ಲಿ ಅವರ ಪತಿ ಗೋಪಾಲರಾಯರು ಪ್ರಭಾವಶಾಲಿ ಅಮೆರಿಕನ್ ಪಾದ್ರಿ ರಾಯಲ್ ವೈಲ್ಡರ್ ಅವರ ನೆರವು ಕೋರಿ ಬರೆದರು. ಮತಾಂತರವಾದರೆ ನೋಡೋಣ ಎಂಬ ಉತ್ತರ ಬಂತು. ಆದರೆ ವೈಲ್ಡರ್ ಆ ಪತ್ರವನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚುಹಾಕಿದ್ದರು. ನ್ಯೂಜೆರ್ಸಿಯ ರೋಸೆಲ್ ಎಂಬ ಊರಿನ ಥಿಯೋಡಿಷಿಯಾ ಕಾರ್ಪೆಂಟರ್ ಎಂಬ ಗೃಹಿಣಿ ಹಲ್ಲಿನ ವೈದ್ಯರ ಬಳಿ ಕಾಯುತ್ತ ಕುಳಿತಾಗ ಅದನ್ನು ಓದಿ ಆನಂದಿಬಾಯಿಗೆ ಕಾಗದ ಬರೆದರು. ಮುಂದೆ ಅಮೆರಿಕದಲ್ಲಿ ಆಸರೆ ಕೊಟ್ಟವರು ಅವರೇ. 1883ರ ಜೂನ್‌ನಲ್ಲಿ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಹದಿನೆಂಟರ ಆನಂದಿಬಾಯಿ ತಾವೇ ಬರೆದ ಪತ್ರದಲ್ಲಿ ತಮ್ಮ ಓದಿನ ಕೊರತೆಗಳನ್ನು ಮುಚ್ಚಿಡದೆ ಹೇಳಿ, ತಮ್ಮ ದೇಶದ ಹೆಂಗಸರಿಗೆ ವೈದ್ಯೆಯರು ಏಕೆ ಬೇಕೆಂಬುದನ್ನು ವಿವರಿಸಿದರು. ಪ್ರವೇಶ ದೊರೆಯಿತು. 1886ರಲ್ಲಿ ಪದವಿ ಬಂತು, 1887ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ದೊಡ್ಡವರ ಮಾತು ಕೆಲಸಕ್ಕೆ ಬರಲಿಲ್ಲ. ಆಕೆಯನ್ನು ಅರಿತುಕೊಳ್ಳಲು ಸಮಯ ಕೊಟ್ಟವಳ ಸ್ನೇಹ ಮತ್ತು ಆಕೆಯದೇ ಪ್ರಾಮಾಣಿಕ ಮಾತು ಕೆಲಸಕ್ಕೆ ಬಂದವು.

ಆದ್ದರಿಂದ ಪತ್ರ ಬೇಕಾದಾಗ ಮನೆಯವರು ಶಾಸಕರ, ಸಂಸ್ಥೆಯ ಅಧ್ಯಕ್ಷರ, ನೆಂಟರಲ್ಲಿ ಯಾರೋ ಒಬ್ಬ ದೊಡ್ಡ ಸರ್ಜನ್ನರ ಹೆಸರು ಹೇಳಿದರೆ ವಿನಯದಿಂದ ಬೇಡವೆನ್ನಿ. ಅಂಥವರ ಪತ್ರದಲ್ಲಿ "ಒಳ್ಳೆಯ ಮನೆತನದವನು, ಬುದ್ಧಿವಂತ" ಎಂಬ ಎರಡು ಸಾಲು ಬಿಟ್ಟರೆ ಬೇರೇನೂ ಇರಲಾರದು. ಓದುವವರಿಗೆ ಅದು ಒಂದು ನೋಟದಲ್ಲಿ ತಿಳಿಯುತ್ತದೆ. ನಾನು ಬಿ.ಎಸ್ಸಿ. ಓದುವಾಗ ನಮ್ಮ ಪ್ರಾಕ್ಟಿಕಲ್ ರೆಕಾರ್ಡಿನ ಪ್ರತಿ ಪುಟಕ್ಕೂ ಕೆಂಪು ಶಾಯಿಯಲ್ಲಿ ಸಹಿ ಹಾಕುತ್ತಿದ್ದ ಡೆಮಾನ್‌ಸ್ಟ್ರೇಟರ್ ಒಬ್ಬರಿದ್ದರು. ಯಾರು ಟೈಟ್ರೇಷನ್ನಿನ ರೀಡಿಂಗನ್ನು ಪಕ್ಕದವನ ಪುಸ್ತಕದಿಂದ ಇಳಿಸಿಕೊಂಡರು, ಯಾರು ಮೂರು ಸಲ ತಪ್ಪಿ ನಾಲ್ಕನೆಯ ಸಲ ಸರಿಮಾಡಿದರು ಎಂಬುದು ಪ್ರಿನ್ಸಿಪಾಲರಿಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ಪತ್ರ ಬರೆಯಬೇಕಾದವರು ಅಂಥವರು. ಅವರ ಹುದ್ದೆ ಚಿಕ್ಕದೆಂಬ ಅಳುಕು ಬೇಡ.

ಕೇಳುವಾಗ ಕನಿಷ್ಠ ಒಂದು ತಿಂಗಳು ಮೊದಲೇ ಕೇಳಿ, "ಸರ್, ನನ್ನ ಬಗ್ಗೆ ಬರೆಯುವಷ್ಟು ನಿಮಗೆ ನನ್ನ ಪರಿಚಯವಿದೆಯೆ?" ಎಂದೇ ಕೇಳಿ. ಹಿಂಜರಿದರೆ ಒತ್ತಾಯಿಸದೆ ಬೇರೊಬ್ಬರ ಬಳಿ ಹೋಗಿ. ಒಪ್ಪಿದರೆ ಅವರ ಬಳಿ ಮಾಡಿದ ಕೆಲಸ, ಬಂದ ಅಂಕ, ಅರ್ಜಿಯ ಉದ್ದೇಶ, ಕೊನೆಯ ದಿನಾಂಕ ಇವಿಷ್ಟನ್ನು ಒಂದೇ ಹಾಳೆಯಲ್ಲಿ ಬರೆದುಕೊಡಿ. ಪತ್ರವನ್ನೇ ನೀವು ಬರೆದು ತಂದು ಸಹಿ ಹಾಕಿಸುವ ನಮ್ಮ ಕಾಲೇಜುಗಳ ರೂಢಿ ಬಿಡಿ. ನಾಲ್ಕು ವಿದ್ಯಾರ್ಥಿಗಳ ಪತ್ರದಲ್ಲಿ ಒಂದೇ ವಾಕ್ಯ ಕಂಡರೆ ನಾಲ್ಕೂ ಪತ್ರ ಬುಟ್ಟಿಗೆ ಹೋಗುತ್ತವೆ. ಅಮೆರಿಕದಲ್ಲಿ 1974ರ ಕಾನೂನಿನಂತೆ ತನ್ನ ಕಡತ ನೋಡುವ ಹಕ್ಕು ವಿದ್ಯಾರ್ಥಿಗಿದೆ, ಆದರೆ ಅರ್ಜಿಯಲ್ಲಿ ಆ ಹಕ್ಕನ್ನು ಬಿಟ್ಟುಕೊಡುವಿರಾ ಎಂದು ಕೇಳುತ್ತಾರೆ. ಬಹುತೇಕರು ಬಿಟ್ಟುಕೊಡುತ್ತಾರೆ, ಕದ್ದು ಓದದ ಪತ್ರಕ್ಕೆ ಬೆಲೆ ಹೆಚ್ಚು. ಹೊರದೇಶದ ವಿಶ್ವವಿದ್ಯಾಲಯಗಳು ಸಂಸ್ಥೆಯ ಹೆಸರಿನ ಇ-ಮೇಲ್ ವಿಳಾಸದಿಂದಲೇ ಪತ್ರ ಬರಬೇಕೆನ್ನುವುದುಂಟು. ನಮ್ಮ ತಾಲ್ಲೂಕಿನ ಎಷ್ಟೋ ಕಾಲೇಜುಗಳ ಅಧ್ಯಾಪಕರಿಗೆ ಅಂಥ ವಿಳಾಸವಿಲ್ಲ. ಆಗ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಬರೆಸಿ, ಪ್ರಾಚಾರ್ಯರ ಮೊಹರು ಹಾಕಿಸಿ, ಕಾಲೇಜಿನ ಕಚೇರಿಯ ವಿಳಾಸದಿಂದ ಕಳುಹಿಸುವಂತೆ ಕೇಳಿಕೊಳ್ಳಿ. ಅರ್ಜಿ ಸ್ವೀಕರಿಸುವವರಿಗೆ ಮೊದಲೇ ಒಂದು ಸಾಲು ಬರೆದು ತಿಳಿಸಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ.